ನೀರಿನ ಮಟ್ಟ ಮತ್ತು ಮೀನಿನ ಪೇಟೆ
ತುಂಗಭದ್ರಾ ಜಲಾಶಯದ ಮೀನುಗಾರಿಕೆ: ಋತುಮಾನ, ನಿಯಮ ಮತ್ತು ವರ್ತಕರ ಹೊಣೆ

ಮುಂಗಾರು ಆರಂಭವಾಯಿತೆಂದರೆ ಹೊಸಪೇಟೆ, ಕೊಪ್ಪಳ, ಗಂಗಾವತಿ, ಬಳ್ಳಾರಿ ಭಾಗದ ವರ್ತಕರು ಬೆಳಿಗ್ಗೆ ಪತ್ರಿಕೆ ಕೈಗೆ ಬಂದೊಡನೆ ಮೊದಲು ನೋಡುವುದು ತುಂಗಭದ್ರಾ ಜಲಾಶಯದ ನೀರಿನ ಮಟ್ಟವನ್ನು. ಇಂದಿನ ಮಟ್ಟ ಎಷ್ಟು ಅಡಿ, ಸಂಗ್ರಹ ಎಷ್ಟು ಟಿ.ಎಂ.ಸಿ., ಒಳಹರಿವು ಎಷ್ಟು ಕ್ಯೂಸೆಕ್ ಎಂಬ ನಾಲ್ಕಾರು ಅಂಕಿಗಳ ಮೇಲೆ ಅಕ್ಕಿ ಗಿರಣಿಯವರ ಹಂಗಾಮು, ರಸಗೊಬ್ಬರದ ಅಂಗಡಿಯ ದಾಸ್ತಾನು, ಟ್ರ್ಯಾಕ್ಟರ್ ಮಾರಾಟಗಾರರ ವರ್ಷದ ಅಂದಾಜು ನಿಂತಿರುತ್ತವೆ. ಅದೇ ಅಂಕಿಗಳು ಇನ್ನೊಂದು ವ್ಯಾಪಾರದ ಭವಿಷ್ಯವನ್ನೂ ಹೇಳುತ್ತವೆಂಬುದನ್ನು ಗಮನಿಸುವವರು ಕಡಿಮೆ. ಅದು ಜಲಾಶಯದ ಮೀನಿನ ವ್ಯಾಪಾರ. ಮೀನು ಹಿಡಿಯುವವರು, ಕೊಳ್ಳುವವರು ಮಾತ್ರವಲ್ಲದೆ ಮಂಜುಗಡ್ಡೆ ತಯಾರಕರು, ಬಲೆ ಮತ್ತು ಹಗ್ಗದ ವರ್ತಕರು, ಪ್ಲಾಸ್ಟಿಕ್ ಕ್ರೇಟ್ ಮತ್ತು ಥರ್ಮಾಕೋಲ್ ಪೆಟ್ಟಿಗೆ ಮಾಡುವ ಸಣ್ಣ ಉದ್ದಿಮೆದಾರರು, ಸರಕು ವಾಹನದ ಮಾಲೀಕರು ಇವರೆಲ್ಲರೂ ಈ ಸರಪಳಿಯ ಕೊಂಡಿಗಳು.

ಈ ವ್ಯಾಪಾರದ ಬಂಡವಾಳ ಯಾವ ಬ್ಯಾಂಕಿನಲ್ಲಿಯೂ ಇಲ್ಲ, ನೀರಿನಲ್ಲಿದೆ. ಮಳೆಗಾಲದ ಕೆಲವು ವಾರ ಅದನ್ನು ಮುಟ್ಟದೆ ಬಿಟ್ಟರೆ ಮಾತ್ರ ಉಳಿದ ತಿಂಗಳುಗಳಲ್ಲಿ ಬಡ್ಡಿ ದೊರೆಯುತ್ತದೆ. ಮುಟ್ಟದೆ ಬಿಡುವ ನಿರ್ಧಾರ ಬೆಸ್ತರ ಕೈಯಲ್ಲಿದೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಅದು ಬಹುಮಟ್ಟಿಗೆ ಕೊಳ್ಳುವವರ ಕೈಯಲ್ಲಿದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಜಲಾಶಯದ ಪರಿಚಯ

ಹೊಸಪೇಟೆಯ ಸಮೀಪ ಮಲ್ಲಾಪುರದ ಬಳಿ ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಕೆಲಸ 1945ರಲ್ಲಿ ಅಂದಿನ ಮದ್ರಾಸ್ ಪ್ರಾಂತ ಮತ್ತು ಹೈದರಾಬಾದ್ ಸಂಸ್ಥಾನಗಳ ಜಂಟಿ ಯೋಜನೆಯಾಗಿ ಆರಂಭವಾಯಿತು. 1953ರಲ್ಲಿ ತುಂಗಭದ್ರಾ ಮಂಡಳಿ ರಚನೆಯಾಯಿತು. ನೀರಿನ ಹಂಚಿಕೆ ಮತ್ತು ಅಣೆಕಟ್ಟಿನ ನಿರ್ವಹಣೆಯೊಂದಿಗೆ ಜಲಾಶಯದ ಮೀನುಗಾರಿಕೆಯ ಆಡಳಿತವನ್ನೂ ಈ ಮಂಡಳಿ ನೋಡಿಕೊಂಡು ಬಂದಿದೆ. ಜಲಾಶಯದ ಪೂರ್ಣ ಮಟ್ಟ 1,633 ಅಡಿ. ಆ ಮಟ್ಟದಲ್ಲಿ ನೀರು ಸುಮಾರು 378 ಚದರ ಕಿಲೋಮೀಟರ್, ಎಂದರೆ 37,800 ಹೆಕ್ಟೇರ್ ಪ್ರದೇಶದಲ್ಲಿ ಹರಡಿಕೊಳ್ಳುತ್ತದೆ. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಇದ್ದ ಸಂಗ್ರಹ ಸಾಮರ್ಥ್ಯವು ಹೂಳಿನಿಂದಾಗಿ ಕುಗ್ಗಿದ್ದು, 2016ರ ಸಮೀಕ್ಷೆಯ ಪ್ರಕಾರ 105.788 ಟಿ.ಎಂ.ಸಿ. ಆಗಿದೆ.

ಭಾರತದಲ್ಲಿ 5,000 ಹೆಕ್ಟೇರಿಗೂ ಮೀರಿದ ಜಲಾಶಯಗಳನ್ನು ಮೀನುಗಾರಿಕೆಯ ದೃಷ್ಟಿಯಿಂದ ‘ದೊಡ್ಡ ಜಲಾಶಯ’ಗಳೆಂದು ವರ್ಗೀಕರಿಸಲಾಗಿದೆ. ತುಂಗಭದ್ರಾ ಆ ಮಿತಿಗಿಂತ ಏಳು ಪಟ್ಟು ದೊಡ್ಡದು. ಆದರೆ ವಿಸ್ತಾರ ಹೆಚ್ಚಿದಂತೆ ಇಳುವರಿ ಹೆಚ್ಚುವುದಿಲ್ಲ. 1995ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರಲ್ಲಿ ದೇಶದ ಸಣ್ಣ ಜಲಾಶಯಗಳ ಸರಾಸರಿ ಇಳುವರಿ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 50 ಕಿಲೋ ಇದ್ದರೆ, ದೊಡ್ಡ ಜಲಾಶಯಗಳದು ಸುಮಾರು 11.4 ಕಿಲೋ ಮಾತ್ರ. ವೈಜ್ಞಾನಿಕ ನಿರ್ವಹಣೆಯಿಂದ ದೊಡ್ಡ ಜಲಾಶಯಗಳಲ್ಲಿಯೂ 50 ಕಿಲೋ ಸಾಧ್ಯವೆಂಬುದು ತಜ್ಞರು ಆಗ ಮಾಡಿದ ಅಂದಾಜು.

ಈ ಎರಡು ದರಗಳನ್ನು ತುಂಗಭದ್ರೆಯ ಪೂರ್ಣ ವಿಸ್ತೀರ್ಣಕ್ಕೆ ಅನ್ವಯಿಸಿ ನೋಡೋಣ. ಮೊದಲನೆಯ ದರದಲ್ಲಿ ವರ್ಷಕ್ಕೆ ಸುಮಾರು 430 ಟನ್, ಎರಡನೆಯದರಲ್ಲಿ 1,890 ಟನ್. ಇದು ಕಾಗದದ ಮೇಲಿನ ಲೆಕ್ಕ, ಬಲೆಗೆ ಬಿದ್ದ ಲೆಕ್ಕವಲ್ಲ. ಆದರೂ ಒಂದೇ ನೀರು, ಒಂದೇ ದಡ ಮತ್ತು ಒಂದೇ ಪೇಟೆ ಇದ್ದಾಗ ಅಂತರ ಎಷ್ಟಾಗಬಲ್ಲದೆಂಬುದನ್ನು ಅದು ತೋರಿಸುತ್ತದೆ. ಈ ಅಂತರವನ್ನು ತುಂಬುವ ಮಾರ್ಗಗಳು ಎರಡೇ: ಸಾಕಷ್ಟು ಬಲಿತ ಬಿತ್ತನೆ ಮರಿಗಳನ್ನು ನೀರಿಗೆ ಬಿಡುವುದು, ಮತ್ತು ಹುಟ್ಟಿದ ಹಾಗೂ ಬಿಟ್ಟ ಮರಿಗಳನ್ನು ಬೆಳೆಯಲು ಬಿಡುವುದು. ಮೊದಲನೆಯದು ಇಲಾಖೆ ಮತ್ತು ಮಂಡಳಿಯ ಕೆಲಸ. ಎರಡನೆಯದರಲ್ಲಿ ಪೇಟೆಯ ಪಾಲೂ ಇದೆ.

ಜಲಾಶಯದ ನಾಲ್ಕು ಕಾಲಗಳು

ಜಲಾಶಯದ ಮೀನುಗಾರಿಕೆಯ ವರ್ಷ ಜನವರಿಯಲ್ಲಿಯೂ ಏಪ್ರಿಲ್‌ನಲ್ಲಿಯೂ ಆರಂಭವಾಗುವುದಿಲ್ಲ. ಮೃಗಶಿರಾ ಮಳೆಯೊಂದಿಗೆ ಆರಂಭವಾಗುತ್ತದೆ.

ಮೊದಲನೆಯದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಏರುನೀರಿನ ಕಾಲ. ಮಲೆನಾಡಿನಲ್ಲಿ ತುಂಗೆ ಮತ್ತು ಭದ್ರೆ ತುಂಬಿ, ಕೆಳಗೆ ವರದಾ ನದಿ ಕೂಡಿಕೊಂಡು, ಕೆಂಪು ನೀರು ಜಲಾಶಯಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಒಣಗಿದ್ದ ಹಿನ್ನೀರಿನ ಬಯಲಿನಲ್ಲಿ ಬೆಳೆದ ಹುಲ್ಲು, ಪೈರಿನ ಕೂಳೆ, ದನಕರುಗಳ ಸಗಣಿ ಎಲ್ಲವೂ ಮುಳುಗಿ ಕೊಳೆತು ನೀರಿಗೆ ಗೊಬ್ಬರವಾಗುತ್ತವೆ. ಮೀನಿಗೆ ಆಹಾರವಾಗುವ ಸೂಕ್ಷ್ಮಜೀವಿಗಳಿಗೆ ಇದೇ ಮೂಲಧನ. ಮೀನು ಮೊಟ್ಟೆಯಿಡುವುದೂ ಇದೇ ಕಾಲದಲ್ಲಿ. ಪಶ್ಚಿಮದ ಗಾಳಿ ಜೋರಾಗಿ ಬೀಸುವುದರಿಂದ ಹರಿಗೋಲುಗಳಿಗೆ ಅತ್ಯಂತ ಅಪಾಯದ ದಿನಗಳೂ ಇವೇ.

ಎರಡನೆಯದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತುಂಬುನೀರಿನ ಕಾಲ. ಮಣ್ಣು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಬಿಸಿಲು ಒಳಗಿಳಿದು ಆಹಾರ ಸಮೃದ್ಧವಾಗುತ್ತದೆ. ಮೀನು ವಿಶಾಲವಾಗಿ ಹರಡಿಕೊಂಡಿರುವುದರಿಂದ ಒಂದು ಬಲೆಗೆ ದೊರೆಯುವ ಪ್ರಮಾಣ ಕಡಿಮೆ. ಆದರೆ ಮಳೆಗಾಲದಲ್ಲಿ ಮುಟ್ಟದೆ ಬಿಟ್ಟಿದ್ದರೆ ಸಿಕ್ಕ ಮೀನು ದಪ್ಪವಾಗಿರುತ್ತದೆ.

ಮೂರನೆಯದು ಜನವರಿಯಿಂದ ಮಾರ್ಚ್‌ವರೆಗಿನ ಇಳಿನೀರಿನ ಕಾಲ. ಎಡದಂಡೆ ಮತ್ತು ಬಲದಂಡೆಯ ಕಾಲುವೆಗಳು ಹರಿದಂತೆ ಮಟ್ಟ ಇಳಿಯುತ್ತದೆ, ಹಿಡುವಳಿ ಸ್ಥಿರವಾಗುತ್ತದೆ. ಚಳಿಗಾಲದಲ್ಲಿ ಜಲಾಶಯದ ಕೆಲವು ಭಾಗಗಳಲ್ಲಿ ನೀರು ಹಸಿರುಗಟ್ಟುವುದನ್ನು ಹಲವು ವರ್ಷಗಳಲ್ಲಿ ಕಂಡಿದ್ದೇವೆ. ನೀಲಿ-ಹಸಿರು ಪಾಚಿ ವಿಪರೀತವಾಗಿ ಬೆಳೆದಾಗ ಹೀಗಾಗುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಕುಸಿಯುತ್ತದೆ. ಅಂತಹ ಕಡೆಯ ಮೀನನ್ನು ಕೊಳ್ಳುವಾಗ ಎಚ್ಚರ ಅಗತ್ಯ. ಸತ್ತು ತೇಲಿದ ಮೀನನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಕೊಳ್ಳಬಾರದು.

ನಾಲ್ಕನೆಯದು ಏಪ್ರಿಲ್ ಮತ್ತು ಮೇ ತಿಂಗಳ ತಳನೀರಿನ ಕಾಲ. ಸಾವಿರಾರು ಹೆಕ್ಟೇರಿನಲ್ಲಿ ಹರಡಿದ್ದ ಮೀನು ಉಳಿದ ನೀರಿನಲ್ಲಿ ಒತ್ತೊತ್ತಾಗಿ ಸೇರುತ್ತದೆ. ಬಲೆ ಹಾಕಿದಲ್ಲೆಲ್ಲ ಮೀನು. ನೋಡುವವರಿಗೆ ಇದು ಸುಗ್ಗಿ. ಆದರೆ ವ್ಯಾಪಾರದ ಕಣ್ಣಿಗೆ ಇದು ಅತ್ಯಂತ ನಾಜೂಕಾದ ಕಾಲ. ಆವಕ ಹೆಚ್ಚಿ ದರ ಬೀಳುತ್ತದೆ. ಬಿಸಿಲಿಗೆ ಮಂಜುಗಡ್ಡೆ ಬೇಗ ಕರಗಿ ಮಾಲು ಕೆಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮುಂದಿನ ಮಳೆಗೆ ಮೊಟ್ಟೆಯಿಡಬೇಕಾದ ತಾಯಿಮೀನುಗಳೂ ಕಳೆದ ಮಳೆಯ ಮರಿಗಳೂ ಒಂದೇ ಬಲೆಗೆ ಬೀಳುತ್ತವೆ.

ಪತ್ರಿಕೆಯ ಅಂಕಿಗಳನ್ನು ಈ ದೃಷ್ಟಿಯಿಂದ ಓದುವುದನ್ನು ರೂಢಿಸಿಕೊಂಡರೆ ದಾಸ್ತಾನಿನ ಯೋಜನೆ ಸುಲಭವಾಗುತ್ತದೆ. ಮಟ್ಟ ವೇಗವಾಗಿ ಇಳಿಯುತ್ತಿದ್ದರೆ ಆವಕ ಹೆಚ್ಚುವ ಸೂಚನೆ. ಮಟ್ಟ 1,633 ಅಡಿಗೆ ಸಮೀಪಿಸಿ ನಿಂತಿದ್ದರೆ ಆವಕ ತೆಳುವಾಗಿ ದರ ಗಟ್ಟಿಯಾಗುವ ಸೂಚನೆ. ಕ್ರೆಸ್ಟ್ ಗೇಟುಗಳು ತೆರೆದಿದ್ದರೆ ನೀರಿನೊಂದಿಗೆ ಮೀನೂ ಕೆಳಗೆ ಹೋಗುತ್ತಿದೆಯೆಂದು ತಿಳಿಯಬೇಕು.

ಮಳೆಗಾಲದಲ್ಲಿ ಬಿಡುವು ಏಕೆ?

ಕಾಟ್ಲಾ, ರೋಹು, ಮೃಗಾಲ್‌ಗಳಂತಹ ದೊಡ್ಡ ಗೆಂಡೆಗಳೂ ಕೃಷ್ಣಾ ಕೊಳ್ಳದ ಅನೇಕ ಮೂಲ ಜಾತಿಯ ಮೀನುಗಳೂ ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಅವಕ್ಕೆ ಹರಿವ ಹೊಸ ನೀರು ಬೇಕು. ಮೊದಲ ಪ್ರವಾಹದ ವಾಸನೆ ಹಿಡಿದು ಅವು ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಹೊರಡುತ್ತವೆ. ಹೀಗೆ ಏರುವ ಮೀನನ್ನು ಮಲೆನಾಡಿನಲ್ಲಿ ‘ಹತ್ತುಮೀನು’ ಎಂದು ಕರೆಯುವುದನ್ನು ಓದುಗರು ಬಲ್ಲರು. ನಮ್ಮ ಜಲಾಶಯದಲ್ಲಿ ಈ ಪಯಣ ಹೂವಿನಹಡಗಲಿ ಮತ್ತು ಮುಂಡರಗಿ ಕಡೆಯ ಮೇಲ್ಭಾಗದತ್ತ ಸಾಗುತ್ತದೆ. ಹೊಟ್ಟೆ ತುಂಬ ಮೊಟ್ಟೆ ಹೊತ್ತು ಕಿರಿದಾದ ಹರಿವಿನಲ್ಲಿ ಗುಂಪಾಗಿ ಏರುವ ಈ ಮೀನನ್ನು ಹಿಡಿಯುವುದು ಅತ್ಯಂತ ಸುಲಭ. ಅತ್ಯಂತ ದುಬಾರಿಯೂ ಅದೇ.

ದುಬಾರಿ ಎನ್ನಲು ಕಾರಣವಿದೆ. ಪ್ರಾಯಕ್ಕೆ ಬಂದ ಹೆಣ್ಣು ಗೆಂಡೆ ತನ್ನ ಪ್ರತಿ ಕಿಲೋ ತೂಕಕ್ಕೆ ಲಕ್ಷಕ್ಕೂ ಮಿಕ್ಕಿ ಮೊಟ್ಟೆಯಿಡಬಲ್ಲದು. ಅವುಗಳಲ್ಲಿ ಬಹುಪಾಲು ನಾಶವಾಗುತ್ತವೆ, ಉಳಿದು ದೊಡ್ಡದಾಗುವುದು ಅತ್ಯಲ್ಪ. ಆ ಅತ್ಯಲ್ಪವೇ ಮುಂದಿನ ವರ್ಷದ ನಮ್ಮ ಮಾಲು. ಜುಲೈ ತಿಂಗಳಲ್ಲಿ ಮೂರು ಕಿಲೋದ ತಾಯಿಮೀನೊಂದನ್ನು ತಕ್ಕಡಿಗೆ ಹಾಕುವವನು ಮೂರು ಕಿಲೋ ಮೀನನ್ನು ಮಾತ್ರ ಮಾರುತ್ತಿಲ್ಲ, ಬೀಜದ ಚೀಲವನ್ನೇ ಗಿರಣಿಗೆ ಹಾಕುತ್ತಿದ್ದಾನೆ.

ಬಿತ್ತನೆ ಮರಿಗಳನ್ನು ಕೊಳ್ಳಬಹುದಲ್ಲವೇ ಎಂಬ ಪ್ರಶ್ನೆ ಸಹಜ. 1957ರ ಜುಲೈ 10ರಂದು ಒಡಿಶಾದ ಕಟಕ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಅವರ ಸಹೋದ್ಯೋಗಿಗಳು ಹಾರ್ಮೋನು ಚುಚ್ಚುಮದ್ದಿನಿಂದ ಗೆಂಡೆಗಳ ಮೊಟ್ಟೆಯಿಡಿಸುವ ಪ್ರಯೋಗದಲ್ಲಿ ಯಶಸ್ವಿಯಾದರು. ಆ ದಿನವನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವನ್ನಾಗಿ ಆಚರಿಸಲಾಗುತ್ತದೆ. ಇಂದಿನ ಬಿತ್ತನೆ ಕೇಂದ್ರಗಳೆಲ್ಲವೂ ಆ ಸಾಧನೆಯ ಫಲ. ಆದರೆ ಬಿತ್ತನೆ ಕೇಂದ್ರಗಳು ಮುಖ್ಯವಾಗಿ ಬೆರಳೆಣಿಕೆಯ ಜಾತಿಗಳನ್ನಷ್ಟೇ ಬೆಳೆಸುತ್ತವೆ. ಬಾಳೆಮೀನಿನಂತಹ, ಗಿರಾಕಿಗಳು ಹುಡುಕಿಕೊಂಡು ಬರುವ ನದಿಮೀನುಗಳು ಬಹುಮಟ್ಟಿಗೆ ತಾವೇ ಹುಟ್ಟಿ ಬೆಳೆಯಬೇಕು. ಅವುಗಳಿಗೆ ಮಳೆಗಾಲದ ಬಿಡುವಿನ ಹೊರತು ಬೇರೆ ರಕ್ಷಣೆಯಿಲ್ಲ. ಬಿತ್ತನೆ ಮಾಡಿದ ಮರಿಗಳಿಗೂ ನೀರಿಗಿಳಿದ ಮೊದಲ ತಿಂಗಳುಗಳಲ್ಲಿ ಬಲೆಯಿಂದ ವಿನಾಯಿತಿ ಬೇಕು.

ನಿಯಮಗಳ ಸಾರ

ಮೀನು ಹಿಡಿಯಲು ಸ್ಫೋಟಕ ಮತ್ತು ವಿಷ ಬಳಸುವುದನ್ನು 1897ರ ಭಾರತೀಯ ಮೀನುಗಾರಿಕೆ ಅಧಿನಿಯಮವೇ ನಿಷೇಧಿಸಿತ್ತು. ರಾಜ್ಯದಲ್ಲಿ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1996 ಈ ವಿಷಯದ ಮುಖ್ಯ ಕಾನೂನು. ವರ್ತಕರು ನೆನಪಿಡಬೇಕಾದ ಅಂಶಗಳು ಹೀಗಿವೆ:

1. ನಿಷೇಧದ ಅವಧಿ: ಮುಂಗಾರಿನ ಸಂತಾನೋತ್ಪತ್ತಿಯ ಕಾಲಕ್ಕೆ ಅನ್ವಯಿಸುವ ಈ ಅವಧಿಯ ಆರಂಭ ಮತ್ತು ಮುಕ್ತಾಯದ ದಿನಾಂಕಗಳನ್ನು ಆಯಾ ವರ್ಷದ ಆದೇಶದಿಂದಲೇ ತಿಳಿದುಕೊಳ್ಳಬೇಕು. ಕರಾವಳಿಯ ಸಮುದ್ರ ಮೀನುಗಾರಿಕೆಗೆ ಅನ್ವಯಿಸುವ ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧವನ್ನೂ ಒಳನಾಡಿನ ಜಲಾಶಯದ ನಿಷೇಧವನ್ನೂ ಒಂದೆಂದು ಭಾವಿಸಬಾರದು.

2. ಪರವಾನಗಿ: ಜಲಾಶಯದಲ್ಲಿ ಮೀನು ಹಿಡಿಯಲು ಹಕ್ಕು ಅಥವಾ ಪರವಾನಗಿ ಬೇಕು. ಪರವಾನಗಿ ಇಲ್ಲದವರಿಂದ ಕೊಂಡ ಮಾಲಿಗೆ ವ್ಯಾಪಾರಿಯೂ ಉತ್ತರಿಸಬೇಕಾದ ಪ್ರಸಂಗ ಬರಬಹುದು.

3. ಬಲೆಯ ಕಣ್ಣು: ಮರಿಗಳು ನುಸುಳಿ ಪಾರಾಗುವಷ್ಟು ದೊಡ್ಡ ಕಣ್ಣಿನ ಬಲೆಯನ್ನು ಮಾತ್ರ ಬಳಸಬೇಕು. ‘ಅಲಿವಿ’ ಎಂಬ ಬೃಹತ್ ಎಳೆಬಲೆಯ ವಿಷಯ ತುಂಗಭದ್ರೆಯ ಮೀನುಗಾರಿಕೆಯ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸಣ್ಣ ಕಣ್ಣಿನ ಈ ಬಲೆ ದಡದ ನೀರನ್ನು ಸೋಸಿದಂತೆ ಸೋಸಿ ಗೆಂಡೆಯ ಮರಿಗಳನ್ನೂ ಬಿಡದೆ ಎಳೆದು ತರುತ್ತದೆ.

4. ನಿಷಿದ್ಧ ಸ್ಥಳಗಳು: ಅಣೆಕಟ್ಟಿನ ಭದ್ರತಾ ವಲಯದಲ್ಲಿ ಮೀನುಗಾರಿಕೆಗೆ ಅವಕಾಶವಿಲ್ಲ. ಅಣೆಕಟ್ಟಿನ ಕೆಳಗೆ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವುದು ಎರಡು ಬಗೆಯ ಅಪರಾಧ.

5. ನಿಷಿದ್ಧ ಜಾತಿ: ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ದೇಶದಲ್ಲಿ ನಿಷಿದ್ಧ. ಕೊಳಗಳಿಂದ ತಪ್ಪಿಸಿಕೊಂಡು ಜಲಾಶಯ ಸೇರಿದರೆ ಅದು ಇತರ ಮೀನಿನ ಮರಿಗಳನ್ನು ತಿಂದು ಹಾಕುತ್ತದೆ. ಅದರ ಮಾರಾಟಕ್ಕೆ ಪ್ರೋತ್ಸಾಹ ನೀಡಬಾರದು.

ಒಂದು ಸ್ಪಷ್ಟನೆ ಅಗತ್ಯ. ನಿಷೇಧ ಜಲಾಶಯದ ಮೀನುಗಾರಿಕೆಗೆ ಹೊರತು ಮೀನಿನ ವ್ಯಾಪಾರಕ್ಕಲ್ಲ. ಸಾಕಣೆ ಕೊಳಗಳ ಮೀನು ಮತ್ತು ಆಂಧ್ರದ ಕೊಲ್ಲೇರು ಭಾಗದಿಂದ ಬರುವ ಮೀನು ಆ ಕಾಲದಲ್ಲಿಯೂ ಪೇಟೆಯಲ್ಲಿರುತ್ತವೆ. ಆದುದರಿಂದ ಮಾಲು ಎಲ್ಲಿಂದ ಬಂತೆಂಬುದನ್ನು ತೋರಿಸುವ ಖರೀದಿ ಬಿಲ್ಲನ್ನು ಮಳೆಗಾಲದಲ್ಲಿ ತಪ್ಪದೆ ಇಟ್ಟುಕೊಳ್ಳುವುದು ಪ್ರಾಮಾಣಿಕ ವರ್ತಕನಿಗೆ ರಕ್ಷಣೆ. ಬೇಡಿಕೆಯ ದೃಷ್ಟಿಯಿಂದಲೂ ಪ್ರಕೃತಿ ನಮಗೆ ಅನುಕೂಲವನ್ನೇ ಮಾಡಿದೆ. ಮೃಗಶಿರೆಯ ದಿನಗಳಲ್ಲಿ ತೆಲಂಗಾಣದ ಕಡೆ ಮೀನಿಗೆ ಬೇಡಿಕೆ ಏರುವುದು ನಿಜ. ಆದರೆ ಆಷಾಢ ಕಳೆದು ಶ್ರಾವಣ ಬಂದೊಡನೆ ನಮ್ಮಲ್ಲಿ ಅನೇಕ ಮನೆಗಳು ಮಾಂಸಾಹಾರವನ್ನು ಬಿಡುತ್ತವೆ. ಗಿರಾಕಿಯೇ ಕಡಿಮೆಯಿರುವ ತಿಂಗಳಲ್ಲಿ ಬೀಜದ ಮೀನನ್ನು ಹಿಡಿದು ಕಡಿಮೆ ದರಕ್ಕೆ ಮಾರುವುದು ವ್ಯಾಪಾರವೂ ಅಲ್ಲ.

ಮರಿಮೀನಿನ ಲೆಕ್ಕ

ಉದಾಹರಣೆಗೆ, ಕಾಲು ಕಿಲೋ ತೂಗುವ 100 ಕಾಟ್ಲಾ ಮರಿಗಳು ಬಲೆಗೆ ಬಿದ್ದವೆಂದು ಇಟ್ಟುಕೊಳ್ಳೋಣ. ಒಟ್ಟು ತೂಕ 25 ಕಿಲೋ. ಲೆಕ್ಕಕ್ಕಾಗಿ ಕಿಲೋಗೆ 80 ರೂಪಾಯಿ ಹಿಡಿದರೆ 2,000 ರೂಪಾಯಿ. ಅವೇ ಮರಿಗಳನ್ನು ನೀರಿನಲ್ಲಿಯೇ ಬಿಟ್ಟರೆ, ಅರ್ಧದಷ್ಟು ಸತ್ತುಹೋಗಿ 50 ಮಾತ್ರ ಉಳಿದವೆನ್ನೋಣ. ಅವು ಒಂದೂವರೆ ಕಿಲೋ ಮುಟ್ಟಿದಾಗ ಒಟ್ಟು ತೂಕ 75 ಕಿಲೋ. ದೊಡ್ಡ ಮೀನಿಗೆ ದರವೂ ಹೆಚ್ಚು. ಕಿಲೋಗೆ 150 ರೂಪಾಯಿಯಂತೆ 11,250 ರೂಪಾಯಿ ಆಗುತ್ತದೆ. ಅರ್ಧ ಮಾಲು ನಷ್ಟವಾದರೂ ಆದಾಯ ಐದು ಪಟ್ಟಿಗೂ ಮಿಗಿಲು. ಈ ಬೆಳವಣಿಗೆಗೆ ಆಹಾರ, ಬಾಡಿಗೆ, ವಿದ್ಯುತ್ ಯಾವ ಖರ್ಚೂ ಇಲ್ಲ. ಇಷ್ಟು ಲಾಭ ಕೊಡುವ ಠೇವಣಿಯನ್ನು ಅವಧಿಗೆ ಮುನ್ನ ಮುರಿಯುವುದು ಜಾಣತನವೇ?

ಮುಂಗಡದ ಕೊಂಡಿ

ಇಷ್ಟೆಲ್ಲ ಸ್ಪಷ್ಟವಾಗಿದ್ದರೂ ನಿಷೇಧದ ಕಾಲದಲ್ಲಿ ಬಲೆ ಬೀಳುವುದೇಕೆ? ಬೆಸ್ತರಿಗೆ ತಿಳಿವಳಿಕೆ ಇಲ್ಲವೆಂದು ಹೇಳುವುದು ವಾಡಿಕೆ. ಇದು ಸತ್ಯಕ್ಕೆ ದೂರ. ಹತ್ತುಮೀನಿನ ವಿಷಯವನ್ನು ಅವರಿಗೆ ನಾವು ಕಲಿಸಬೇಕಾಗಿಲ್ಲ. ಕಾರಣವನ್ನು ಹಣದ ಹರಿವಿನಲ್ಲಿ ಹುಡುಕಬೇಕು.

ಬಲೆ, ಹರಿಗೋಲು, ಮನೆಯ ಖರ್ಚು ಇವುಗಳಿಗಾಗಿ ಬೆಸ್ತರು ಮೀನು ಕೊಳ್ಳುವವರಿಂದ ಮುಂಗಡ ಪಡೆಯುವ ಪದ್ಧತಿ ಒಳನಾಡು ಮೀನುಗಾರಿಕೆಯಲ್ಲಿ ಎಲ್ಲೆಡೆ ಇದೆ. ಮುಂಗಡ ಕೊಟ್ಟವರಿಗೇ ಮೀನು ಕೊಡಬೇಕು. ದರವನ್ನು ನಿರ್ಧರಿಸುವವರೂ ಅವರೇ. ಆದಾಯವಿಲ್ಲದ ಮಳೆಗಾಲದಲ್ಲಿ ಸಾಲ ಬೆಳೆಯುತ್ತದೆ. ಶಾಲೆ ಆರಂಭವಾಗುವ ತಿಂಗಳೂ ಜೂನ್. ಇಂತಹ ಸಮಯದಲ್ಲಿ ‘ಸ್ವಲ್ಪವಾದರೂ ಮಾಲು ತಾ’ ಎಂಬ ಒಂದು ಮಾತು ಬಂದರೆ ಸಾಕು, ಕತ್ತಲಲ್ಲಿ ಹರಿಗೋಲು ಗಾಳಿಯ ನೀರಿಗೆ ಇಳಿಯುತ್ತದೆ. ಸಿಕ್ಕಿಬಿದ್ದರೆ ಬಲೆ ಹೋಗುವುದು ಬೆಸ್ತನದು, ಹರಿಗೋಲು ಮಗುಚಿದರೆ ಜೀವ ಹೋಗುವುದೂ ಅವನದೇ. ಮಾತು ಆಡಿದವರ ಹೆಸರು ಯಾವ ದಾಖಲೆಯಲ್ಲಿಯೂ ಇರುವುದಿಲ್ಲ.

ಸರ್ಕಾರದ ನೆರವು ಇದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ನಿಷೇಧದ ಕಾಲಕ್ಕಾಗಿ ರೂಪಿಸಿದ ಉಳಿತಾಯ ಮತ್ತು ಪರಿಹಾರದ ವ್ಯವಸ್ಥೆಯಂತೆ ಬೆಸ್ತರ ಪಾಲು 1,500 ರೂಪಾಯಿಗೆ ಸರ್ಕಾರಗಳ ಪಾಲು 3,000 ರೂಪಾಯಿ ಸೇರಿಸಿ, ಒಟ್ಟು 4,500 ರೂಪಾಯಿಯನ್ನು ಮೂರು ತಿಂಗಳಲ್ಲಿ ನೀಡಲಾಗುತ್ತದೆ. ದಿನಕ್ಕೆ ಭಾಗಿಸಿದರೆ 50 ರೂಪಾಯಿ. ಅದರಲ್ಲಿಯೂ ಮೂರನೆಯ ಒಂದು ಪಾಲು ಅವರದೇ ಹಣ. ಒಂದು ಕುಟುಂಬವನ್ನು ಬಲೆಯಿಂದ ದೂರ ಇಡಲು ಇದು ಸಾಲದೆಂದು ಹೇಳಲು ಅರ್ಥಶಾಸ್ತ್ರಜ್ಞರು ಬೇಕಾಗಿಲ್ಲ.

ಹಾಗಾದರೆ ವರ್ತಕರು ಮಾಡಬಹುದಾದುದೇನು? ವ್ಯಾಪಾರದ ಚೌಕಟ್ಟಿನಲ್ಲಿಯೇ ಸಾಧ್ಯವಿರುವ ಒಂದು ಕ್ರಮವನ್ನು ಇಲ್ಲಿ ಮುಂದಿಡಬಹುದು. ಒಬ್ಬ ಬೆಸ್ತ ವರ್ಷದಲ್ಲಿ 200 ದಿನ ದಿನಕ್ಕೆ 10 ಕಿಲೋದಂತೆ 2,000 ಕಿಲೋ ಮೀನು ಕೊಡುತ್ತಾನೆಂದು ಭಾವಿಸೋಣ. ಪ್ರತಿ ಕಿಲೋಗೆ 3 ರೂಪಾಯಿ ಅವನ ಹಣದಿಂದ ಹಿಡಿದು, ಅಷ್ಟನ್ನೇ ಕೊಳ್ಳುವವರೂ ಸೇರಿಸಿ, ಅವನ ಹೆಸರಿನ ಬ್ಯಾಂಕ್ ಖಾತೆಯಲ್ಲಿ ಇಟ್ಟರೆ ಮಳೆಗಾಲದ ಹೊತ್ತಿಗೆ 12,000 ರೂಪಾಯಿ ಸೇರುತ್ತದೆ. ಸಹಕಾರ ಸಂಘದ ಮೂಲಕ ಇದನ್ನು ಮಾಡಿದರೆ ಲೆಕ್ಕ ಪಾರದರ್ಶಕವಾಗಿರುತ್ತದೆ. ಇದರ ಜೊತೆಗೆ ನಿಷೇಧದ ಅವಧಿಯಲ್ಲಿ ಹಳೆಯ ಮುಂಗಡದ ವಸೂಲಿಯನ್ನು ನಿಲ್ಲಿಸುವುದು, ಕಾಲು ಕಿಲೋಗಿಂತ ಸಣ್ಣ ಗೆಂಡೆಯನ್ನು ಯಾವ ದರಕ್ಕೂ ಕೊಳ್ಳುವುದಿಲ್ಲವೆಂದು ಪೇಟೆಯ ಖರೀದಿದಾರರೆಲ್ಲ ಒಟ್ಟಾಗಿ ತೀರ್ಮಾನಿಸುವುದು ಸಾಧ್ಯ. ಒಬ್ಬರೇ ಬಿಟ್ಟರೆ ಪಕ್ಕದವರು ಕೊಳ್ಳುತ್ತಾರೆ. ಆದ್ದರಿಂದಲೇ ಇದು ವ್ಯಕ್ತಿಗಿಂತ ಸಂಘಟನೆಗೆ ಒಪ್ಪುವ ಕೆಲಸ. ಕೊಳ್ಳುವವರಿಲ್ಲದ ಮೀನನ್ನು ಯಾರೂ ಹಿಡಿಯುವುದಿಲ್ಲ.

ಹಿಮಾಚಲದ ಉದಾಹರಣೆ

ಇದು ಕೇವಲ ಆದರ್ಶದ ಮಾತಲ್ಲವೆಂಬುದಕ್ಕೆ ಸಟ್ಲೆಜ್ ನದಿಗೆ ಭಾಕ್ರಾ ಅಣೆಕಟ್ಟಿನಿಂದ ಉಂಟಾದ ಹಿಮಾಚಲ ಪ್ರದೇಶದ ಗೋಬಿಂದ ಸಾಗರ ಸಾಕ್ಷಿ. ಅಲ್ಲಿ ಬೆಸ್ತರು ಸಹಕಾರ ಸಂಘಗಳಲ್ಲಿ ಸಂಘಟಿತರಾಗಿದ್ದು, ಹಿಡಿದ ಮೀನು ಸಂಘಗಳ ಮೂಲಕವೇ ಮಾರಾಟವಾಗುವ ವ್ಯವಸ್ಥೆ ಬೆಳೆದುಬಂದಿದೆ. ಮಳೆಗಾಲದಲ್ಲಿ ಎರಡು ತಿಂಗಳು ಮೀನುಗಾರಿಕೆ ನಿಲ್ಲುತ್ತದೆ. ಆ ಅವಧಿಯಲ್ಲಿ ಇಲಾಖೆ ದಡದ ಮೇಲೆ ಕಾವಲು ಶಿಬಿರಗಳನ್ನು ಹಾಕುತ್ತದೆ, ಬೆಸ್ತರಿಗೆ ಪರಿಹಾರ ದೊರೆಯುತ್ತದೆ. ದೇಶದ ದೊಡ್ಡ ಜಲಾಶಯಗಳ ಪೈಕಿ ಹೆಕ್ಟೇರುವಾರು ಇಳುವರಿಯಲ್ಲಿ ಗೋಬಿಂದ ಸಾಗರ ಬಹುಕಾಲ ಮುಂಚೂಣಿಯಲ್ಲಿತ್ತು. 1970ರ ದಶಕದ ಆರಂಭದಲ್ಲಿ ಪ್ರವಾಹದ ಕಾಲದಲ್ಲಿ ಆಕಸ್ಮಿಕವಾಗಿ ಸೇರಿಕೊಂಡ ಬೆಳ್ಳಿ ಗೆಂಡೆ ಅಲ್ಲಿ ಹುಲುಸಾಗಿ ಬೆಳೆದುದು ಇದಕ್ಕೆ ಒಂದು ಕಾರಣ. ಹೊರಗಿನಿಂದ ಬಂದ ಆ ಮೀನು ಹೆಚ್ಚಿದಂತೆ ಕಾಟ್ಲಾ ಕುಗ್ಗಿದುದೂ ಉಂಟು. ಆದ್ದರಿಂದ ನಾವು ಅಲ್ಲಿಂದ ಅನುಕರಿಸಬೇಕಾದುದು ಜಾತಿಯನ್ನಲ್ಲ, ಶಿಸ್ತನ್ನು: ಮಾರಾಟಕ್ಕೆ ಒಂದೇ ಬಾಗಿಲು, ನಿಷೇಧಕ್ಕೆ ನಿಶ್ಚಿತ ದಿನಾಂಕ, ಬಿಡುವಿನ ದಿನಗಳಿಗೆ ನೆರವು. ಮಾಲು ಒಂದೇ ಬಾಗಿಲಿನಿಂದ ಹೊರಬರುವಾಗ ಕಳ್ಳ ಮಾಲಿಗೆ ದಾರಿ ಕಿರಿದಾಗುತ್ತದೆ.

ಸಣ್ಣ ಉದ್ದಿಮೆಗಳಿಗೆ ಕಾಲಸೂಚಿ

ಬಿಡುವಿನ ಅವಧಿ ನಮ್ಮ ಸಣ್ಣ ತಯಾರಕರಿಗೆ ಕೆಲಸವಿಲ್ಲದ ಕಾಲವಾಗಬೇಕಾಗಿಲ್ಲ. ಬಲೆ ನೇಯುವುದು ಮತ್ತು ರಿಪೇರಿ, ಬಿದಿರಿನ ಹರಿಗೋಲುಗಳಿಗೆ ಹೊಸ ಹೊದಿಕೆ ಹಾಕಿ ಡಾಂಬರು ಬಳಿಯುವುದು, ತೇಲುಬೆಂಡು ಮತ್ತು ಹಗ್ಗಗಳನ್ನು ಬದಲಿಸುವುದು ಇವೆಲ್ಲ ಜೂನ್‌ನಿಂದ ಆಗಸ್ಟ್‌ವರೆಗೆ ಆಗುವ ಕೆಲಸಗಳು. ಇವುಗಳನ್ನು ಬೆಸ್ತರ ಕುಟುಂಬಗಳಿಗೇ ಕೂಲಿಗೆ ಕೊಟ್ಟರೆ ನಿಷೇಧದ ದಿನಗಳಲ್ಲಿ ಮನೆಗೆ ಆದಾಯವೂ ಬರುತ್ತದೆ. ಬಲೆ ಮಾರುವವರು ಈ ಸಮಯದಲ್ಲಿ ದೊಡ್ಡ ಕಣ್ಣಿನ ಬಲೆಗೆ ರಿಯಾಯಿತಿ ನೀಡುವುದು ಒಳ್ಳೆಯ ವ್ಯಾಪಾರ ನೀತಿ. ಸಣ್ಣ ಕಣ್ಣಿನ ಬಲೆ ಮಾರಿದರೆ ಈ ವರ್ಷ ಒಬ್ಬ ಗಿರಾಕಿ ಸಿಗುತ್ತಾನೆ, ಆದರೆ ಮೂರು ವರ್ಷದಲ್ಲಿ ಬಲೆಯೇ ಬೇಡವಾಗುವ ಸ್ಥಿತಿ ಬರುತ್ತದೆ.

ಮಂಜುಗಡ್ಡೆಯವರಿಗೆ ಏಪ್ರಿಲ್ ಮತ್ತು ಮೇ ಪರೀಕ್ಷೆಯ ತಿಂಗಳುಗಳು. ನಮ್ಮ ಹವೆಯಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಮಂಜುಗಡ್ಡೆ ಬೇಕೆಂಬುದು ಸಾಮಾನ್ಯ ಸೂತ್ರ. ಮಂಜುಗಡ್ಡೆಯನ್ನು ಉಳಿಸಲು ಹೋಗಿ ಮೀನನ್ನು ಕಳೆದುಕೊಳ್ಳುವ ದೃಶ್ಯ ನಮ್ಮಲ್ಲಿ ಇನ್ನೂ ಅಪರೂಪವಲ್ಲ. ಹಿಡಿದ ಮೀನು ಕೆಟ್ಟರೆ ಆ ನಷ್ಟವನ್ನು ತುಂಬಲು ಇನ್ನಷ್ಟು ಹಿಡಿಯಬೇಕಾಗುತ್ತದೆ. ಆದ್ದರಿಂದ ಹಿನ್ನೀರಿನ ದಡದ ಹಳ್ಳಿಗಳಿಗೆ ಶಾಖನಿರೋಧಕ ಪೆಟ್ಟಿಗೆಗಳನ್ನು ಒದಗಿಸುವುದು ಲಾಭದ ಉದ್ದಿಮೆ ಮಾತ್ರವಲ್ಲ, ಜಲಾಶಯದ ರಕ್ಷಣೆಯೂ ಹೌದು.

ಈಚಿನ ವರ್ಷಗಳ ಪಾಠ

ಈಚಿನ ವರ್ಷಗಳು ನಮಗೆ ಒಂದು ಎಚ್ಚರಿಕೆಯನ್ನು ನೀಡಿವೆ. 2023ರ ಬರದಲ್ಲಿ ಜಲಾಶಯ ತುಂಬಲಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಂದು ವಾರದೊಳಗೆ ತಾತ್ಕಾಲಿಕ ತಡೆಗಳನ್ನು ಇಳಿಸಿ ಹರಿವನ್ನು ನಿಲ್ಲಿಸಲಾಯಿತಾದರೂ, ಅಷ್ಟರಲ್ಲಿ ತುಂಬಿದ್ದ ಜಲಾಶಯದಿಂದ ಭಾರಿ ಪ್ರಮಾಣದ ನೀರನ್ನು ಹೊರಬಿಡಬೇಕಾಯಿತು. ಆ ಬಳಿಕ ಎಲ್ಲ 33 ಗೇಟುಗಳನ್ನೂ ಬದಲಿಸುವ ನಿರ್ಧಾರವಾಯಿತು. 2025ರ ಮಳೆಗಾಲದಲ್ಲಿ ಸುರಕ್ಷತೆಯ ದೃಷ್ಟಿಯಿಂದ ಸಂಗ್ರಹವನ್ನು ಸುಮಾರು 80 ಟಿ.ಎಂ.ಸಿ.ಗೆ ಮಿತಗೊಳಿಸಲಾಯಿತು.

ಈ ಘಟನೆಗಳನ್ನು ನಾವು ಭತ್ತದ ದೃಷ್ಟಿಯಿಂದ ಸಾಕಷ್ಟು ಚರ್ಚಿಸಿದ್ದೇವೆ. ಮೀನಿನ ದೃಷ್ಟಿಯಿಂದ ನೋಡಿದರೆ, ಮಟ್ಟ ಕೆಳಗಿದ್ದ ವರ್ಷ ಮುಳುಗುವ ಬಯಲು ಕಡಿಮೆ. ಬಯಲು ಕಡಿಮೆಯಾದರೆ ಗೊಬ್ಬರ ಕಡಿಮೆ, ಮರಿಗಳಿಗೆ ಮರೆ ಕಡಿಮೆ. ನೀರು ಬೇಗ ಇಳಿದ ವರ್ಷ ಮೀನು ಬೇಗ ಒತ್ತಾಗಿ ಸೇರಿ ಹಿಡುವಳಿ ಹೆಚ್ಚಿದಂತೆ ತೋರುತ್ತದೆ. ಆ ಹೆಚ್ಚಳ ಲಾಭವಲ್ಲ, ಅಸಲು ಕರಗುವಾಗ ಕಾಣುವ ಭ್ರಮೆ. ಅಂತಹ ವರ್ಷಗಳಲ್ಲಿ ಬಿಡುವು ಇನ್ನಷ್ಟು ಅಗತ್ಯ.

ನಮ್ಮ ಹಿರಿಯ ವರ್ತಕರು ಎರಡು ಲೆಕ್ಕಗಳನ್ನು ಎಂದೂ ಬೆರೆಸುತ್ತಿರಲಿಲ್ಲ: ಅಸಲು ಬೇರೆ, ಲಾಭ ಬೇರೆ. ಗಲ್ಲಾಪೆಟ್ಟಿಗೆಯಲ್ಲಿ ಹಣ ಕಂಡಿತೆಂದು ಅಸಲಿಗೆ ಕೈಹಾಕಿದ ಅಂಗಡಿ ಎಷ್ಟು ದಿನ ನಡೆಯುತ್ತದೆಂಬುದು ನಮ್ಮ ಸದಸ್ಯರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ. ತುಂಗಭದ್ರೆಯ ನೀರಿನಲ್ಲಿರುವ ಅಸಲಿಗೂ ಅದೇ ಶಿಸ್ತು ಅನ್ವಯಿಸುತ್ತದೆ. ಮುಂದಿನ ಮುಂಗಾರಿನಲ್ಲಿ ಪತ್ರಿಕೆಯ ಅಂಕಿಗಳು ಏರಲಾರಂಭಿಸಿದಾಗ, ಕೆಂಪು ನೀರಿನಲ್ಲಿ ಮೇಲೇರುತ್ತಿರುವ ತಾಯಿಮೀನನ್ನೂ, ಗಾಳಿಯ ದಿನಗಳಲ್ಲಿ ದಡದಲ್ಲಿ ಕುಳಿತು ಬಲೆ ಹೊಲಿಯುತ್ತಿರುವ ಬೆಸ್ತರನ್ನೂ ನೆನೆದು, ನಮ್ಮ ತಕ್ಕಡಿಗಳಿಗೂ ಆ ಕೆಲವು ವಾರ ಬಿಡುವು ಕೊಡೋಣ. ಅಕ್ಟೋಬರ್‌ನಲ್ಲಿ ನೀರು ತಿಳಿಯಾದಾಗ ಅದರ ಪ್ರತಿಫಲ ನಮ್ಮ ಪೇಟೆಗೇ ಬರುತ್ತದೆ.